ಕಟ್ಟಿಗೆ ಕುಡಿದ ಪಾಲು

ಓಕ್ ಮರದ ಪೀಪಾಯಿ ತನ್ನೊಳಗಿನ ವೈನನ್ನು ತಾನೇ ಕುಡಿಯುತ್ತದೆ. ಇಷ್ಟು ಸಣ್ಣ ಮಾತನ್ನು ನಮ್ಮ ಸಾವ್ಕಾರರ ತಲೆಗೆ ಇಳಿಸಲು ನನಗೆ ಒಂದಿಡೀ ಬೇಸಿಗೆ ಹಿಡಿಯಿತು. ಆ ಬೇಸಿಗೆಯಲ್ಲಿ ಒಂದು ಪೀಪಾಯಿ ಒಳ್ಳೆಯ ಕೆಂಪು ವೈನು ಕೆಟ್ಟಿತು, ಒಬ್ಬ ಮನುಷ್ಯನ ಹೆಸರು ಕೆಡುವುದರಲ್ಲಿತ್ತು, ನನ್ನ ತಲೆ ಮಾತ್ರ ಹೇಗೋ ಕೆಡದೆ ಉಳಿಯಿತು.

ಸವದತ್ತಿಯಿಂದ ಸಿರಸಂಗಿ ಕಡೆ ಹೋಗುವ ದಾರಿಯಲ್ಲಿ ಅವರ ದ್ರಾಕ್ಷಿ ತೋಟ, ಮಗ್ಗುಲಿಗೆ ವೈನ್ ಕಾರ್ಖಾನೆ. ಅಲ್ಲಿ ವೈನು ಮಾಡುವವಳು ನಾನು. ಬೈಲಹೊಂಗಲದಲ್ಲಿರುವ ನನ್ನ ಅವ್ವ ಇವತ್ತಿಗೂ ಓಣಿಯವರ ಮುಂದೆ "ಮಗಳು ಹಣ್ಣಿನ ರಸದ ಫ್ಯಾಕ್ಟರಿಯೊಳಗ ಅದಾಳ" ಎಂದೇ ಹೇಳುತ್ತಾಳೆ. ಸಾವ್ಕಾರರ ಪಾಡು ಅದಕ್ಕಿಂತ ವಿಚಿತ್ರ. ಕಾರ್ಖಾನೆ ಹಾಕಿಸಿದ್ದು ಅವರ ಅಳಿಯ. ಆತ ಪುಣೆಯಲ್ಲಿ ಕುಳಿತು ಮಾರಾಟ ನೋಡಿಕೊಳ್ಳುತ್ತಾನೆ, ಇಲ್ಲಿಯ ಯಜಮಾನಿಕೆ ಮಾವನದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವರಲ್ಲ. ಗಾಣದ ಮನೆಯಲ್ಲಿ ಬೆಲ್ಲ ಕಾಯ್ದ ಕಣ್ಣಿನಿಂದಲೇ ವೈನನ್ನೂ ಕಾಯುತ್ತಿದ್ದರು. ಬೆಲ್ಲ ಕಡಿಮೆಯಾದರೆ ಯಾರೋ ತಿಂದಿದ್ದಾರೆ. ವೈನು ಕಡಿಮೆಯಾದರೆ ಯಾರೋ ಕುಡಿದಿದ್ದಾರೆ. ನಡುವೆ ಇನ್ನೊಂದು ದಾರಿ ಇರಬಹುದೆಂಬುದು ಅವರ ಬುದ್ಧಿಗೆ ಒಗ್ಗುತ್ತಿರಲಿಲ್ಲ.

ಪೀಪಾಯಿಯ ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಸಾವ್ಕಾರರ ಪಕ್ಷ ಸೇರಿಬಿಡುತ್ತೀರಿ. ಹುದುಗಿ ಇಳಿದ ಹೊಸ ಕೆಂಪು ವೈನನ್ನು ಬಾಯಿಗೆ ಹಾಕಿದರೆ ಎಳೆ ಕವಳಿಕಾಯಿ ಅಗಿದ ಹಾಗೆ ಒಗರು, ಒಸಡು ಬಿಗಿಯುತ್ತದೆ. ಉಕ್ಕಿನ ಟ್ಯಾಂಕಿನಲ್ಲಿ ಎಷ್ಟು ದಿನ ಇಟ್ಟರೂ ಆ ಒಗರು ಸುಲಭಕ್ಕೆ ಜಗ್ಗುವುದಿಲ್ಲ. ಓಕ್ ಪೀಪಾಯಿಗೆ ಹಾಕಿದರೆ ಮಾತು ಬೇರೆ. ಪೀಪಾಯಿ ಕಟ್ಟುವಾಗ ಹಲಗೆ ಬಗ್ಗಿಸಲೆಂದು ಅದರ ಒಳಮೈಯನ್ನು ಬೆಂಕಿಗೆ ಹಿಡಿದು ಸುಟ್ಟಿರುತ್ತಾರೆ. ಆ ಸುಟ್ಟ ಕಟ್ಟಿಗೆಯಿಂದ ಲವಂಗದ, ವೆನಿಲಾದ, ಹುರಿದ ಕೊಬ್ಬರಿಯ ವಾಸನೆ ನಿಧಾನಕ್ಕೆ ವೈನಿಗೆ ಇಳಿಯುತ್ತದೆ. ಹೊಸ ಪೀಪಾಯಿ ಕೊಡುವುದು ಜಾಸ್ತಿ, ಲಕ್ಷ್ಯ ತಪ್ಪಿದರೆ ದ್ರಾಕ್ಷಿಯ ರುಚಿಯನ್ನೇ ಮುಚ್ಚಿಹಾಕುತ್ತದೆ; ನಾಲ್ಕಾರು ಸುಗ್ಗಿ ಕಂಡ ಹಳೆಯದು ಹೆಚ್ಚೇನೂ ಕೊಡುವುದಿಲ್ಲ. ಇದರ ಜೊತೆಗೆ ಕಟ್ಟಿಗೆಯ ಸಣ್ಣ ರಂಧ್ರಗಳಿಂದ ಗಾಳಿ ಎಳೆಎಳೆಯಾಗಿ ಒಳಗೆ ಬಂದು ಒಗರನ್ನು ಮೆತ್ತಗೆ ಮಾಡುತ್ತದೆ. ಆದರೆ ಗಾಳಿ ಒಳಗೆ ಬರುವ ದಾರಿಯಲ್ಲೇ ವೈನು ಆವಿಯಾಗಿ ಹೊರಗೆ ಹೋಗುತ್ತದೆ. ಒಂದು ಬೇಕು, ಒಂದು ಬೇಡ ಎಂದರೆ ನಡೆಯದು. ಹೋದಷ್ಟನ್ನು ವಾರ ವಾರ ತುಂಬಿಸಲೇಬೇಕು, ಇಲ್ಲದಿದ್ದರೆ ಬರಿದಾದ ಜಾಗದಲ್ಲಿ ಗಾಳಿ ಕುಳಿತು ವೈನು ಹುಳಿತು ವಿನೆಗರ್ ಆಗುತ್ತದೆ.

ನಾವು ಇದನ್ನು ‘ಭರ್ತಿ’ ಎನ್ನುತ್ತಿದ್ದೆವು. ಭರ್ತಿ ಮಾಡುತ್ತಿದ್ದವರು ದೊಡವಾಡದ ಒಬ್ಬರು ಬಡಿಗರು, ಎಲ್ಲರ ಬಾಯಲ್ಲೂ ಪೀಪಾಯಿ ಕಾಕಾ. ಬಿರಡೆ ತೆಗೆಯಬೇಕು, ಗಾಜಿನ ನಳಿಗೆಯಿಂದ ಒಂದು ಗುಟುಕು ತೆಗೆದು ಮೂಸಬೇಕು, ಬಾಯಲ್ಲಿ ತಿರುವಿ ಬಕೆಟ್ಟಿಗೆ ಉಗುಳಬೇಕು, ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಟ್ಯಾಂಕಿನ ವೈನು ತಂದು ಬಾಯಿಮಟ್ಟ ತುಂಬಿ ಬಿರಡೆ ಬಡಿಯಬೇಕು. ಕಾಕಾ ಒಂದು ಕಾಲಕ್ಕೆ ವಿಪರೀತ ಕುಡಿಯುತ್ತಿದ್ದವರು. ಅವರ ಹೆಂಡತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗಿ ಹರಕೆ ಹೊತ್ತ ಮೇಲೆ ಬಿಟ್ಟರು. ಬಿಟ್ಟ ಮೇಲೂ ಆಕೆ ವರ್ಷಗಟ್ಟಲೆ ಸಂಜೆ ಬಾಗಿಲಲ್ಲೇ ನಿಲ್ಲಿಸಿ ಗಂಡನ ಬಾಯಿ ಮೂಸಿಯೇ ಒಳಗೆ ಬಿಡುತ್ತಿದ್ದಳಂತೆ. ಆಮೇಲೆ ಮೂಸುವುದನ್ನು ಬಿಟ್ಟಳು. ಕಾಕಾ ಅದನ್ನು ದೊಡ್ಡ ಪದಕ ಸಿಕ್ಕವರ ಹಾಗೆ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು.

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರಿತು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಪೀಪಾಯಿ ಕೋಣೆಯ ತಂಪು ಯಂತ್ರ ಅರ್ಧ ದಿನ ಸುಮ್ಮನೆ ಕೂರುತ್ತಿತ್ತು. ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿದೆವು, ನೆಲಕ್ಕೆ ನೀರು ಹೊಡೆದೆವು. ಒಣ ಗಾಳಿಗೆ ಅದೆಲ್ಲ ಎಲ್ಲಿ ಸಾಕು! ಪೀಪಾಯಿಗಳು ಚಳಿಗಾಲಕ್ಕಿಂತ ಹೆಚ್ಚು ಎಳೆಯತೊಡಗಿದವು, ಭರ್ತಿಗೆ ಇಟ್ಟ ಟ್ಯಾಂಕು ಇಳಿಯತೊಡಗಿತು. ಒಂದು ಮುಂಜಾನೆ ಸಾವ್ಕಾರರು ಡೀಸೆಲ್ ಅಳೆಯುವ ಕೋಲು ತಂದು ಟ್ಯಾಂಕಿಗೆ ಇಳಿಬಿಟ್ಟರು.

"ಬಾಯಾರ, ಗೇಣ್ ಗಟ್ಟಲೆ ಕಡಿಮಿ ಆಗೇತಿ. ಯಾರ ಹೊಟ್ಟಿಗೆ ಹೋತು?"

"ಪೀಪಾಯಿಗೆ ಹಾಕೇವ್ರಿ."

"ಪೀಪಾಯಿ ಮೊದಲ ತುಂಬಿದ್ವಲ್ಲ? ತುಂಬಿದ್ದರಾಗ ಮತ್ತ ಹೆಂಗ ಹಾಕಿದ್ರಿ?"

ನಾನು ರಂಧ್ರ, ಗಾಳಿ, ಆವಿ ಎಲ್ಲ ಹೇಳಿದೆ. ಬಿರಡೆ ತೆಗೆದು ತೋರಿಸಿದೆ. ಕಾಗದದ ಮೇಲೆ ಚಿತ್ರ ಬರೆದೆ. ಸಾವ್ಕಾರರು ಪೀಪಾಯಿಯ ಸುತ್ತ ಕೈಯಾಡಿಸಿ, ಅಂಗೈ ನೋಡಿಕೊಂಡು, "ಒಣಗೇ ಐತಿ. ಸೋರಿಲ್ಲ. ಕಟ್ಟಿಗಿಗೆ ಬಾಯಿಲ್ಲ. ಬಾಯಿ ಇದ್ದಾವ ಈ ಖೋಲಿಯೊಳಗ ಒಬ್ಬನ ಅದಾನ" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಪಾಠ.

ಕಾಕಾನನ್ನು ಕರೆಸಿದರು. ಪೊಲೀಸು ಗಿಲೀಸು ಏನೂ ಬೇಡ, ಮನೆಯಿಂದ ಎಲ್ಲಮ್ಮನ ಭಂಡಾರ ತರಿಸುತ್ತೇನೆ, ಮುಟ್ಟಿ ಆಣೆ ಮಾಡಲಿ, ಅಲ್ಲಿಗೆ ಮುಗಿಯಿತು ಎಂದರು. ನಮ್ಮ ಕಡೆ ಆ ಅರಿಶಿನ ಪುಡಿ ಮುಟ್ಟಿ ಸುಳ್ಳು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ನನಗೆ ಸಮಾಧಾನವೇ ಆಯಿತು, ಒಂದು ನಿಮಿಷದ ಕೆಲಸ.

"ಒಂದ ಹನಿನೂ ನನ್ನ ನಾಲಿಗಿಗೆ ಮುಟ್ಟಿಲ್ಲ ಅಂತ ಹೇಳು," ಎಂದರು ಸಾವ್ಕಾರರು ಬಟ್ಟಲು ಮುಂದಿಟ್ಟು.

ಕಾಕಾ ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು. "ಹಂಗ ಹೇಳಾಕ ಬರೂದಿಲ್ರಿ."

ನಾನು ಅವರನ್ನು ಹೊರಗೆ ಎಳೆದುಕೊಂಡು ಬಂದೆ. "ಕಾಕಾ, ಏನಿದು? ನೀವು ಕುಡದಿಲ್ಲಲ್ಲ?"

"ಕುಡದಿಲ್ಲವ್ವಾ. ಆದ್ರ ನಾಲಿಗಿಗೆ ಮುಟ್ಟೇತಿ. ವಾರಾ ವಾರಾ ಮುಟ್ಟೇತಿ. ರುಚಿ ನೋಡಿ ಉಗಳ್ರಿ ಅಂತ ನೀವ ಹೇಳೀರಿ, ಉಗಳೇನಿ. ತಾಯಿ ಮುಂದ ಮುಟ್ಟಿಲ್ಲ ಅಂತ ಹೆಂಗ ಅನ್ನಲಿ?"

"ನುಂಗಿಲ್ಲ ಅಂತ ಹೇಳ್ರಿ ಮತ್ತ!"

"ಅವರು ಕೇಳಿದ್ದು ಅದಲ್ಲ."

ನಾನು ಒಳಗೆ ಓಡಿದೆ. ರುಚಿ ನೋಡಿ ಉಗುಳುವುದು ಅವರ ಕೆಲಸ, ನಾನೇ ಕಲಿಸಿದ್ದು, ಮಾತು ಬದಲಿಸಿ ಕೇಳಿ ಎಂದೆ. ಸಾವ್ಕಾರರು ನಕ್ಕರು. "ಬಾಯಾರ, ಬಾಯಿಗೆ ಹಾಕಿದ್ದನ್ನ ಯಾವ ಕುಡುಕ ಉಗಳ್ತಾನ? ಖರೇ ಮನುಷ್ಯಾ ಇದ್ರ ಕೇಳಿದ್ದಕ್ಕ ಹೌದಂತಾನ, ಇಲ್ಲಾ ಇಲ್ಲಂತಾನ. ಮಾತು ತಿದ್ದಾವ ಕಳ್ಳ." ಹೊರಗೆ ಬಂದು ನೋಡಿದರೆ ಕಾಕಾ ಚಪ್ಪಲಿ ಮೆಟ್ಟಿ ದೊಡವಾಡದ ಬಸ್ಸಿಗೆ ಹೊರಟೇಬಿಟ್ಟಿದ್ದರು. ಇಬ್ಬರೂ ದೇವರಿಗೆ ಹೆದರುವವರು, ಇಬ್ಬರೂ ಒಂದಕ್ಷರ ಬಿಟ್ಟುಕೊಡದವರು. ಇಂಥ ಇಬ್ಬರ ನಡುವೆ ಸಿಕ್ಕವರ ಗತಿ ವೈರಿಗೂ ಬೇಡ.

ಸಾವ್ಕಾರರು ಪೀಪಾಯಿ ಕೋಣೆಗೆ ಬೀಗ ಜಡಿದು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು. ಇನ್ನು ಮೇಲೆ ಅವರು ಬಂದಾಗಷ್ಟೇ ಭರ್ತಿ, ಅವರ ಕಣ್ಣೆದುರಿಗಷ್ಟೇ. ಆಮೇಲೆ ಅವರು ರಾಮದುರ್ಗಕ್ಕೆ ಬೀಗರ ಮನೆಯ ಮದುವೆಗೆ ಹೋದರು. ಮದುವೆ ಮುಗಿಯಿತು, ಬೀಗರೂಟ ಮುಗಿಯಿತು, ಇನ್ನೊಂದು ಮನೆಯ ನಿಶ್ಚಿತಾರ್ಥ ಹುಟ್ಟಿಕೊಂಡಿತು. ನಾನು ಫೋನು ಮಾಡಿದಾಗಲೆಲ್ಲ "ಅವಸರ ಯಾಕ್ರಿ? ಕೀಲಿ ನನ್ನ ಹತ್ರ ಐತಿ, ಈಗ ಹೆಂಗ ಕಡಿಮಿ ಆಗ್ತೈತಿ?" ಎನ್ನುತ್ತಿದ್ದರು. ನಾನು ಬಾಗಿಲ ಸಂದಿಗೆ ಮೂಗು ಇಟ್ಟು ಮೂಸುತ್ತ ಓಡಾಡಿದೆ. ಬೇಸಾಯ ಓದಿದ ಹೆಣ್ಣುಮಗಳು ನಾಯಿಯ ಹಾಗೆ ಬಾಗಿಲು ಮೂಸುವುದನ್ನು ತೋಟದ ಆಳುಗಳೆಲ್ಲ ನೋಡಿದರು.

ಅವರು ಬಂದು ಬೀಗ ತೆಗೆದಾಗ ಮೂಲೆಯ ಪೀಪಾಯಿ ಬಾಗಿಲಿನವರೆಗೂ ನಾರುತ್ತಿತ್ತು. ಅದು ಪಡುವಣ ಗೋಡೆಗೆ ಇದ್ದದ್ದು, ಇಳಿಬಿಸಿಲಿಗೆ ಎಲ್ಲಕ್ಕಿಂತ ಹೆಚ್ಚು ಕಾಯುವಂಥದ್ದು. ಕಾಕಾ ಅದನ್ನೇ ಮೊದಲು ಭರ್ತಿ ಮಾಡುತ್ತಿದ್ದರು. ಬಿರಡೆ ತೆಗೆದು ಟಾರ್ಚು ಹಿಡಿದರೆ ಮೇಲೆ ಬಿಳಿ ಕೆನೆ. ನಳಿಗೆಗೆ ಬಂದದ್ದು ಉಗುರು ಬಣ್ಣ ತೆಗೆಯುವ ದ್ರವದ ಹಾಗೆ ಮೂಗಿಗೆ ಹೊಡೆಯಿತು. ಅದೇ ಪೀಪಾಯಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಒಗರು ಇಳಿದು, ಲವಂಗದ ಎಳೆ ಕಾಣಿಸಿ, ಇದೇ ಈ ಸಲದ ಒಳ್ಳೆಯ ಪೀಪಾಯಿ ಎಂದು ನಾನೂ ಕಾಕಾನೂ ಕುಣಿದಿದ್ದೆವು. ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ.

ಸಾವ್ಕಾರರು ಒಳಗೆ ಇಣುಕಿದರು. "ಇಷ್ಟ್ ಖಾಲಿ? ಬೀಗ ಹಾಕಿತ್ತಲ್ಲ! ಅಂದ್ರ ಅವನ ಹತ್ರ ಇನ್ನೊಂದು ಕೀಲಿ ಐತಿ!"

ಆ ಮಾತು ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಉಳಿದ ಪೀಪಾಯಿಗಳನ್ನು ಅಲ್ಲೇ ನಿಂತು ತುಂಬಿಸಿದೆ, ಕೆಟ್ಟದ್ದರ ಸೋಂಕು ತಗಲದಂತೆ ಅದನ್ನು ಹೊರಗೆ ಉರುಳಿಸಿದೆ, ನಳಿಗೆಗಳನ್ನು ಬಿಸಿನೀರಲ್ಲಿ ತೊಳೆದೆ. ಕೆಲಸ ಬಿಟ್ಟು ಬೈಲಹೊಂಗಲಕ್ಕೆ ಹೋಗಿ ನಿಜವಾಗಿಯೂ ಹಣ್ಣಿನ ರಸ ಮಾರಿಕೊಂಡಿರೋಣ ಎಂದು ಯೋಚಿಸಿದೆ. ಅದೇ ಹೊತ್ತಿಗೆ ದೊಡವಾಡದಿಂದ ಕಾಕಾನ ಹೆಂಡತಿಯ ಫೋನು ಬಂತು. ನಾನು ಆಕೆಯನ್ನು ಕಾಕು ಎನ್ನುತ್ತೇನೆ.

"ಊರಾಗ ಎಲ್ಲಾರೂ ಅನ್ನಾಕ ಹತ್ಯಾರವಾ, ಮತ್ತ ಶುರು ಮಾಡ್ಯಾನ ಅಂತ. ನಾನೂ ಮೂಸೇನಿ. ಕುಡದ ವಾಸನಿ ಇಲ್ಲ. ಆದ್ರ ಅಂಗಿಗೆಲ್ಲಾ ಎಂಥದೋ ವಾಸನಿ ಹತ್ತೇತಿ, ಒಗದ್ರೂ ಹೋಗವಲ್ದು. ಖರೇ ಹೇಳು, ಇವರು ಕುಡದಾರೇನು?"

ಇಲ್ಲ ಕಾಕು ಎಂದೆ. ಆಕೆ "ಆಣಿ ಮಾಡಲಿಲ್ಲಂತಲ್ಲ ಮತ್ತ" ಎಂದು ಫೋನು ಇಟ್ಟಳು. ಅಂದರೆ ಬಾಯಿ ಮೂಸುವುದು ಮತ್ತೆ ಶುರುವಾಗಿತ್ತು. ಕೆಟ್ಟ ಪೀಪಾಯಿಗಿಂತ ಇದು ನನ್ನ ಮನಸ್ಸಿಗೆ ಹೆಚ್ಚು ಹತ್ತಿತು. ಇನ್ನು ಮಾತಿನಿಂದ ಏನೂ ಆಗುವುದಿಲ್ಲ, ಕಟ್ಟಿಗೆಯೇ ಬಂದು ಸಾಕ್ಷಿ ಹೇಳಬೇಕು ಎಂದು ಆವತ್ತೇ ನಿರ್ಧಾರ ಮಾಡಿದೆ. ಮುಂದಿನ ಸುಗ್ಗಿಗೆಂದು ತರಿಸಿಟ್ಟ ಹೊಸ ಪೀಪಾಯಿಯೊಂದಿತ್ತು. ಅದನ್ನು ನಿಮ್ಮ ಮನೆಯೊಳಗೇ ಇಡುತ್ತೇನೆ, ನೀರು ತುಂಬುತ್ತೇನೆ, ನೀವೇ ಮುದ್ರೆ ಹಾಕಿ, ನೀವೇ ಕಾಯಿರಿ ಎಂದು ಸಾವ್ಕಾರರಿಗೆ ಹೇಳಿದೆ.

ಟ್ರ್ಯಾಕ್ಟರಿನಲ್ಲಿ ಪೀಪಾಯಿ ಬಂದದ್ದು ನೋಡಿ ಸಾವ್ಕಾರರ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. "ಸೆರೇದ ಪೀಪಾಯಿ ಮನಿಯೊಳಗ? ನಿಮಗೇನು ಹುಚ್ಚು ಹಿಡದೈತೇನ್ರಿ?" ಇದರಲ್ಲಿ ಈತನಕ ಏನನ್ನೂ ಹಾಕಿಲ್ಲ, ಬರೀ ಕಟ್ಟಿಗೆ ಎಂದು ನಾನು ಕೈಮುಗಿದ ಮೇಲೆ ಪಡಸಾಲೆಗೆ ಬಿಟ್ಟರು. ಹಂಡೆಯಲ್ಲಿ ನೀರು ಕುದಿಸಿ, ಆರಿಸಿ, ತುಂಬಿದೆವು. ತುಂಬಿದ್ದೇ ತಡ ಹಲಗೆಗಳ ಸಂದಿಯಿಂದ ನೀರು ಜಿನುಗಿ ಪಡಸಾಲೆಯೆಲ್ಲ ಹರಿಯಿತು. ಒಣಗಿದ ಪೀಪಾಯಿ ಹಾಗೆಯೇ, ಹಲಗೆ ನೆನೆದು ಉಬ್ಬಿದ ಮೇಲೆ ತಾನೇ ಬಿಗಿಯಾಗುತ್ತದೆ. ಸಾವ್ಕಾರರಿಗೆ ಮಾತ್ರ ಹಬ್ಬ. "ನೋಡ್ರಿ, ಸೋರ್ತೈತಿ! ಕುಡಿಯೂದಲ್ಲ, ಸೋರೂದು!" ಕಬ್ಬಿಣದ ಪಟ್ಟಿಗಳನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡಿದೆ. ಮರುದಿನ ಜಿನುಗು ನಿಂತಿತು. ಮತ್ತೆ ಬಾಯಿಮಟ್ಟ ತುಂಬಿ ಬಿರಡೆ ಬಡಿದೆವು, ಸಾವ್ಕಾರರು ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿ, ಮಂಚವನ್ನು ಪೀಪಾಯಿಯ ಪಕ್ಕಕ್ಕೇ ಎಳೆಸಿಕೊಂಡರು.

ವಾರ ಕಳೆದು ಮುದ್ರೆ ಒಡೆದರೆ ಅಂಗೈಯಷ್ಟು ಇಳಿದಿತ್ತು. ನಾನು ಗೆದ್ದೆ ಎಂದುಕೊಂಡೆ.

"ಹೊಸಾ ಗಡಗಿನೂ ಮೊದಲ ನೀರು ಕುಡೀತೈತ್ರಿ," ಎಂದರು ಸಾವ್ಕಾರರು ಮೀಸೆ ತಿರುವಿ. "ಆಮ್ಯಾಲ ಹೊಟ್ಟಿ ತುಂಬಿ ಸುಮ್ನಾಗತೈತಿ. ನಮ್ಮ ಪೀಪಾಯಿ ಹೋದ ವರ್ಷದಿಂದ ತುಂಬ್ಯಾವು. ಅವು ಯಾಕ ಕುಡೀತಾವು?"

ಹಲ್ಲು ಕಚ್ಚಿಕೊಂಡು ಮತ್ತೆ ತುಂಬಿದೆ. ಅವರ ಮಾತಿನಲ್ಲಿ ಸತ್ಯ ಇಲ್ಲದಿರಲಿಲ್ಲ, ಅದೇ ಹೆಚ್ಚು ಉರಿಸಿದ್ದು. ಮತ್ತೆ ಮುದ್ರೆ, ಮತ್ತೆ ಮಂಚ. ಹೊರಗೆ ಒಣ ಗಾಳಿ ಬೀಸುತ್ತಲೇ ಇತ್ತು. ಎರಡನೇ ವಾರ ಮುದ್ರೆ ಒಡೆಯುವಾಗ ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಮೊದಲಿನಷ್ಟಲ್ಲ, ಆದರೆ ಮತ್ತೆ ಇಳಿದಿತ್ತು. ಸಾವ್ಕಾರರು ಬಗ್ಗಿ ನೆಲ ಮುಟ್ಟಿ ನೋಡಿದರು, ಒಣಗಿತ್ತು. ಮುದ್ರೆ ನೋಡಿದರು, ಅವರದೇ. ಒಬ್ಬೊಬ್ಬರ ಮುಖ ನೋಡತೊಡಗಿದರು.

"ನಮ್ಮನ್ಯಾಕ ನೋಡ್ತೀರಿ?" ಎಂದರು ಅವರ ಹೆಂಡತಿ. "ಇದರ ಬಾಜೂಕ ಮಲಗಿದಾವ್ರು ನೀವೊಬ್ರ. ಕುಡದಿದ್ರ ನೀವ ಕುಡದೀರಿ."

ಎಲ್ಲರೂ ನಕ್ಕರು, ಸಾವ್ಕಾರರೊಬ್ಬರನ್ನು ಬಿಟ್ಟು. ನಾನು ನಳಿಗೆಯಿಂದ ಆ ನೀರನ್ನು ಒಂದು ಗಿಂಡಿಗೆ ಬಿಟ್ಟು ಅವರ ಕೈಗೆ ಕೊಟ್ಟೆ. ತಿಳಿಯಾದ ಚಹಾದ ಬಣ್ಣ ಬಂದಿತ್ತು. "ಇದರಾಗ ಏನೂ ಇಲ್ರಿ, ನಿಮ್ಮ ಹಂಡೇದ ನೀರು. ಕುಡದು ನೋಡ್ರಿ."

ಅವರು ಲಿಂಗ ಮುಟ್ಟಿಕೊಂಡು ಒಂದು ಗುಟುಕು ಕುಡಿದರು. ಬಾಯಿ ಚಪ್ಪರಿಸಿದರು. ಇನ್ನೊಂದು ಗುಟುಕು. "ಲವಂಗ ಹಾಕೀರೇನು? ಕೊಬ್ಬರಿ ಹುರದಾಂಗ ಐತಿ. ಹಿಂದಿನಿಂದ ಸ್ವಲ್ಪ ಒಗರು."

"ಏನೂ ಹಾಕಿಲ್ರಿ. ಕಟ್ಟಿಗಿ ಕೊಟ್ಟದ್ದು. ನಿಮ್ಮ ನೀರು ತಗೊಂಡು ಇದನ್ನ ಕೊಟ್ಟೈತಿ. ವೈನಿಗೂ ಹಿಂಗ ಮಾಡ್ತೈತಿ."

ಇಷ್ಟು ವರ್ಷ ಪೀಪಾಯಿ ವೈನು ಕಾಯ್ದ ಮನುಷ್ಯನಿಗೆ ಅದರ ರುಚಿ ಏನೆಂದು ಗೊತ್ತಾದದ್ದು ಆವತ್ತು, ಅದೂ ನೀರಿನಲ್ಲಿ. ಅವರು ಗಿಂಡಿ ಖಾಲಿಯಾಗುವ ತನಕ ಕುಡಿದರು. ಆಮೇಲೆ ಒಂದು ತಂಬಿಗೆ ತುಂಬ ಆ ನೀರು ತುಂಬಿಸಿ, "ಜೀಪು ತಗೀರಿ ಬಾಯಾರ, ದೊಡವಾಡಕ್ಕ ಹೋಗೂನು" ಎಂದರು.

ಕಾಕಾ ಮನೆಯ ಕಟ್ಟೆಯ ಮೇಲೆ ಯಾರದೋ ಮಂಚದ ಕಾಲು ಕೆತ್ತುತ್ತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಬರ್ರಿ ಎನ್ನಲಿಲ್ಲ. ಸಾವ್ಕಾರರು ತಂಬಿಗೆಯನ್ನು ಕಾಕುವಿನ ಕೈಗೆ ಕೊಟ್ಟರು. "ಬರೇ ನೀರೈತಿ. ಪೀಪಾಯಿಯೊಳಗ ಇಟ್ಟಿದ್ವಿ. ನನ್ನ ಮುದ್ರಿ ಹಂಗ ಇತ್ತು, ನೀರು ಕಡಿಮಿ ಆಗಿತ್ತು. ಕಟ್ಟಿಗಿ ಕುಡೀತೈತವಾ. ನಿನ್ನ ಗಂಡ ಕುಡದಿಲ್ಲ. ನಂದು ತಪ್ಪಾತು."

ಕಾಕು ತಂಬಿಗೆಯನ್ನು ಮೂಗಿನ ಹತ್ತಿರ ತಂದಳು. ಆಕೆ ಮೂಸುವುದರಲ್ಲಿ ಪಳಗಿದವಳು. ಬಹಳ ಹೊತ್ತು ಮೂಸಿದಳು, ಕಣ್ಣು ತುಂಬಿಕೊಂಡಿತು. "ಇದ ವಾಸನಿ," ಎಂದಳು. "ಅಂಗಿಯೊಳಗ ಇದ್ದದ್ದು ಇದ."

ತಂಬಿಗೆ ಕೆಳಗಿಟ್ಟು ಒಳಗೆ ಹೋದವಳು ಭಂಡಾರದ ಬಟ್ಟಲು ತಂದು ಕಟ್ಟೆಯ ಮೇಲೆ ಇಟ್ಟಳು. "ತಪ್ಪಾತು ಅಂದ್ರ ಮುಗೀತೇನ್ರಿ? ಊರೆಲ್ಲಾ ನಕ್ಕೈತಿ. ಈಗ ನೀವು ಮುಟ್ರಿ. ಇನ್ನ ಎಂದೂ ಈ ಮನುಷ್ಯಾನ ಮ್ಯಾಲ ಸಂಶೆ ಪಡೂದಿಲ್ಲ ಅಂತ ಆಣಿ ಮಾಡ್ರಿ, ಆಮ್ಯಾಲ ಕರ್ಕೊಂಡ್ ಹೋಗ್ರಿ."

ಸಾವ್ಕಾರರು ಕೈ ಮುಂದೆ ಮಾಡಿದರು. ಬೆರಳು ಬಟ್ಟಲಿನ ಮೇಲೆ ಬಂದು ಅಲ್ಲೇ ನಿಂತಿತು. ಮುಟ್ಟಿಬಿಡ್ರಪ್ಪಾ, ಇಷ್ಟು ದೂರ ಬಂದು ಈಗ ಮತ್ತೇನು ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವರು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಎಂದೂ ಅಂತ ಹೆಂಗ ಅನ್ನಲಿ ಯವ್ವಾ? ಮನಸ್ಸು ಅನ್ನೂದು ನನ್ನ ಕೈಯಾಗ ಐತೇನು? ನಾಳೆ ಏನರೆ ಒಂದು ಗಳಿಗಿ ಸಂಶೆ ಬಂದುಬಿಟ್ರ? ತಾಯಿ ಮುಂದ ಸುಳ್ಳ ಹೇಳಿದಾಂಗ ಆಗೂದಿಲ್ಲೇನು?"

ಕಾಕಾ ಉಳಿಯನ್ನು ಪಕ್ಕಕ್ಕಿಟ್ಟು, "ನಾನೂ ಇದನ್ನ ಹೇಳಿದ್ನೆಲ್ರಿ ಸಾವ್ಕಾರ್ರ" ಎಂದರು.

ಸಾವ್ಕಾರರು ಅವರ ಮುಖವನ್ನೇ ನೋಡಿದರು. ಮುಖದ ಮೇಲಿನ ಬಿಗಿ ಒಂದೊಂದಾಗಿ ಸಡಿಲವಾಯಿತು. "ಹೌದಪಾ," ಎಂದರು, "ಇದನ್ನ ಹೇಳಿದ್ದಿ." ಉಡದಾರದಿಂದ ಪೀಪಾಯಿ ಕೋಣೆಯ ಕೀಲಿ ಬಿಚ್ಚಿ ಭಂಡಾರದ ಬಟ್ಟಲಿನ ಪಕ್ಕದಲ್ಲಿ ಇಟ್ಟರು. "ಆಣಿ ನನ್ನ ಕೈಲೆ ಆಗೂದಿಲ್ಲ. ಇದು ಆಗ್ತೈತಿ. ಇನ್ನ ಇದು ನಿನ್ನ ಹತ್ರ ಇರ್ಲಿ."

ಕಾಕಾ ಕೀಲಿ ನೋಡಿದರು, ಹೆಂಡತಿಯನ್ನು ನೋಡಿದರು. ಆಕೆ ತಲೆಯಾಡಿಸಿದ ಮೇಲೆಯೇ ತೆಗೆದುಕೊಂಡು ಕಿಸೆಗೆ ಹಾಕಿಕೊಂಡರು.

"ಮೂಲಿ ಪೀಪಾಯಿ ಹೆಂಗೈತಿ?" ಎಂದು ನನ್ನನ್ನು ಕೇಳಿದರು.

ನಾನು ಸಾವ್ಕಾರರನ್ನು ನೋಡಿದೆ. ಸಾವ್ಕಾರರು ನೆಲ ನೋಡಿದರು. "ಹೋತ್ರಿ ಕಾಕಾ," ಎಂದೆ.

"ಹೋತ? ಅಷ್ಟ್ ಚಂದ ಬಂದಿತ್ತು, ಹೋತ? ಇಬ್ರು ಇದ್ದು ಒಂದು ಪೀಪಾಯಿ ಭರ್ತಿ ಮಾಡಾಕ ಆಗಲಿಲ್ಲೇನು ನಿಮಗ?" ಕಾಕಾನ ದನಿ ಓಣಿಯ ತುದಿಗೆ ಕೇಳುವಷ್ಟು ಏರಿತು. ಬೈಯುತ್ತಲೇ ಚಪ್ಪಲಿ ಮೆಟ್ಟಿದರು, ಬೈಯುತ್ತಲೇ ಜೀಪು ಹತ್ತಿದರು.

ಕಾಕು ಬಾಗಿಲಲ್ಲಿ ನಿಂತು ಕೂಗಿ ಹೇಳಿದಳು: "ಸಂಜೀಕ ಲಗೂನ ಬರ್ರಿ. ಇನ್ನ ಬಾಯಿ ಮೂಸೂದಿಲ್ಲ ನಾ."

ಕಾಕಾ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು. ಜೀಪು ಊರು ದಾಟುತ್ತಲೂ ಮತ್ತೆ ಮೂಲೆಯ ಪೀಪಾಯಿಯ ಮಾತು ತೆಗೆದು ತೋಟ ಮುಟ್ಟುವ ತನಕ ನಮ್ಮಿಬ್ಬರನ್ನೂ ಬೈದರು.